ನೆಟ್ ತಂತಿಯಲ್ಲಿ ಹರಿಯುವ ವಿದ್ಯುತ್: ಪಂಚಾಯಿತಿ ಕಚೇರಿಗಳಲ್ಲಿ ಸುರಕ್ಷಿತ ಕೆಲಸದ ಕ್ರಮ

ಗ್ರಾಮ ಪಂಚಾಯಿತಿ ಕಚೇರಿಯಲ್ಲಿ ಬೆಳಗಿನ ಹತ್ತೂವರೆಗೆ ನೆಟ್ ಸಂಪರ್ಕ ಕಡಿದುಹೋದರೆ ಆ ದಿನದ ಕೆಲಸವೆಲ್ಲ ನಿಂತಂತೆಯೇ. ಇ-ಸ್ವತ್ತು ನಮೂನೆಗಾಗಿ ಬಂದವರು, ಬಾಪೂಜಿ ಸೇವಾ ಕೇಂದ್ರದ ಮುಂದೆ ಪಹಣಿಗಾಗಿ ಸಾಲು ನಿಂತವರು, ಪಂಚತಂತ್ರ ತಂತ್ರಾಂಶದ ಮುಂದೆ ಕುಳಿತ ಸಿಬ್ಬಂದಿ, ಎಲ್ಲರ ದೃಷ್ಟಿಯೂ ಗೋಡೆಯ ಮೇಲಿನ ಪುಟ್ಟ ಪೆಟ್ಟಿಗೆಯ ಮಿನುಗುವ ದೀಪದತ್ತ ತಿರುಗುತ್ತದೆ. ಇಂತಹ ಹೊತ್ತಿನಲ್ಲಿ ಕೈಗೆ ಸಿಗುವವರು ನೀರುಗಂಟಿ, ಕರವಸೂಲಿಗಾರ ಅಥವಾ ಪಕ್ಕದ ಅಂಗಡಿಯ ಯುವಕ. "ಬರೀ ನೆಟ್ ವೈರ್ ತಾನೇ, ಅದರಲ್ಲಿ ಕರೆಂಟ್ ಎಲ್ಲಿಂದ ಬಂತು?" ಎಂಬ ಮಾತಿನೊಂದಿಗೆ ಏಣಿ ಗೋಡೆಗೆ ಒರಗುತ್ತದೆ, ಕತ್ತರಿ ಕೈಗೆ ಬರುತ್ತದೆ.

ಆ ಮಾತು ಒಂದು ಕಾಲಕ್ಕೆ ಬಹುಮಟ್ಟಿಗೆ ನಿಜವಾಗಿತ್ತು. ಇಂದು ನಿಜವಲ್ಲ. ಕಚೇರಿಯ ಹೊರಗೋಡೆಯ ಸಿಸಿ ಕ್ಯಾಮೆರಾ, ಗ್ರಂಥಾಲಯದ ಚಾವಣಿಯ ವೈಫೈ ಪೆಟ್ಟಿಗೆ, ನೀರಿನ ತೊಟ್ಟಿಯ ಮೇಲಿನ ನಿಸ್ತಂತು ಉಪಕರಣ, ಇವುಗಳಲ್ಲಿ ಹೆಚ್ಚಿನವು ಮಾಹಿತಿಯನ್ನೂ ವಿದ್ಯುತ್ತನ್ನೂ ಒಂದೇ ತಂತಿಯಿಂದ ಪಡೆಯುತ್ತವೆ. ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳ ಪಂಚಾಯಿತಿ ಕಚೇರಿಗಳಲ್ಲಿ ಇಂತಹ ತಂತಿಯನ್ನು ಮುಟ್ಟುವ ಪ್ರತಿಯೊಬ್ಬರೂ ಮತ್ತು ಅದನ್ನು ಮುಟ್ಟಲು ಇನ್ನೊಬ್ಬರಿಗೆ ಹೇಳುವ ಪ್ರತಿಯೊಬ್ಬ ಅಧಿಕಾರಿಯೂ ತಿಳಿದಿರಬೇಕಾದ ಸಂಗತಿಗಳನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಮಾಹಿತಿಯ ತಂತಿಗೆ ವಿದ್ಯುತ್ ಬಂದ ಬಗೆ

ಮಾಹಿತಿಯ ತಂತಿಯಲ್ಲಿ ವಿದ್ಯುತ್ ಕಳಿಸುವ ಕ್ರಮ ಹೊಸದೇನಲ್ಲ. ಹಳೆಯ ದೂರವಾಣಿ ವಿನಿಮಯ ಕೇಂದ್ರಗಳು ಮನೆಯ ದೂರವಾಣಿಗೆ 48 ವೋಲ್ಟ್ ಡಿಸಿ ವಿದ್ಯುತ್ತನ್ನು ಮಾತು ಸಾಗುವ ಅದೇ ಜೋಡಿ ತಂತಿಯಲ್ಲಿ ಕಳಿಸುತ್ತಿದ್ದವು. ಊರಿನಲ್ಲಿ ಕರೆಂಟ್ ಹೋದರೂ ದೂರವಾಣಿ ಕೆಲಸ ಮಾಡುತ್ತಿದ್ದುದು ಇದರಿಂದಲೇ. ಗಂಟೆ ಬಾರಿಸುವಾಗ ಅದರ ಮೇಲೆ ಇನ್ನೂ ಹೆಚ್ಚಿನ ಎಸಿ ಒತ್ತಡ ಸೇರುತ್ತಿದ್ದುದರಿಂದ, ಆ ಕ್ಷಣದಲ್ಲಿ ತಂತಿ ಹಿಡಿದವರಿಗೆ ಚುರುಕು ಮುಟ್ಟುತ್ತಿತ್ತು. ಹಿರಿಯ ದೂರವಾಣಿ ಸಿಬ್ಬಂದಿ ಇದನ್ನು ಚೆನ್ನಾಗಿ ಬಲ್ಲರು.

ಇಂದಿನ ನೆಟ್‌ವರ್ಕ್ ಕೇಬಲ್ಲಿನೊಳಗೆ ನಾಲ್ಕು ಜೋಡಿ, ಅಂದರೆ ಎಂಟು ತಂತಿಗಳಿರುತ್ತವೆ. ಇದರಲ್ಲಿ ವಿದ್ಯುತ್ ಕಳಿಸುವ ವಿಧಾನಕ್ಕೆ ಪವರ್ ಓವರ್ ಈಥರ್ನೆಟ್, ಚಿಕ್ಕದಾಗಿ ಪಿಒಇ ಎಂದು ಹೆಸರು. ಐಇಇಇ ಸಂಸ್ಥೆಯು 2003ರಲ್ಲಿ ಇದರ ಮೊದಲ ಮಾನಕವನ್ನು ಪ್ರಕಟಿಸಿದಾಗ ಒಂದು ತಂತಿಯಲ್ಲಿ ಕಳಿಸಬಹುದಾಗಿದ್ದ ಗರಿಷ್ಠ ಶಕ್ತಿ 15.4 ವ್ಯಾಟ್. 2009ರಲ್ಲಿ ಅದು 30 ವ್ಯಾಟ್ ಆಯಿತು. 2018ರ ಮಾನಕದಲ್ಲಿ ನಾಲ್ಕೂ ಜೋಡಿಗಳನ್ನು ಬಳಸಿ 90 ವ್ಯಾಟ್‌ವರೆಗೆ ಕಳಿಸಲು ಅವಕಾಶವಿದೆ. ಹದಿನೈದು ವರ್ಷಗಳಲ್ಲಿ ಶಕ್ತಿ ಸುಮಾರು ಆರು ಪಟ್ಟು ಬೆಳೆದಿದೆ, ತಂತಿಯ ಹೊರನೋಟ ಮಾತ್ರ ಹಾಗೆಯೇ ಉಳಿದಿದೆ. ನೋಡಿ ತಿಳಿಯುವುದು ಅಸಾಧ್ಯವೆಂಬುದೇ ಮೊದಲ ಎಚ್ಚರಿಕೆ.

ಕೇಳಿ ಕೊಡುವ ಸ್ವಿಚ್, ಕೇಳದೆ ಕೊಡುವ ಇಂಜೆಕ್ಟರ್

ಮಾನಕಕ್ಕೆ ಅನುಗುಣವಾದ ಪಿಒಇ ಸ್ವಿಚ್ ತಂತಿ ಸಿಕ್ಕಿದ ಕೂಡಲೇ ಪೂರ್ಣ ಒತ್ತಡವನ್ನು ಹರಿಸುವುದಿಲ್ಲ. ಮೊದಲು ಸುಮಾರು 10 ವೋಲ್ಟಿಗೆ ಮೀರದ ಸಣ್ಣ ಒತ್ತಡವನ್ನು ಕಳಿಸಿ, ಆ ತುದಿಯಲ್ಲಿ 25 ಕಿಲೋ ಓಮ್ ರೋಧವಿದೆಯೇ ಎಂದು ನೋಡುತ್ತದೆ. ಈ ರೋಧವು ವಿದ್ಯುತ್ ಬಯಸುವ ಉಪಕರಣದ ಗುರುತುಚೀಟಿ ಇದ್ದಂತೆ. ಗುರುತು ಸರಿಯಿದ್ದರೆ ಮಾತ್ರ 44ರಿಂದ 57 ವೋಲ್ಟ್ ಒತ್ತಡದ ಡಿಸಿ ವಿದ್ಯುತ್ ಹರಿಯುತ್ತದೆ. ಉಪಕರಣವನ್ನು ಕಳಚಿದರೆ ಅರ್ಧ ಸೆಕೆಂಡಿನೊಳಗೆ ನಿಲ್ಲುತ್ತದೆ.

ಇದರಿಂದ ಎರಡು ಸಂಗತಿ ಹೊರಡುತ್ತವೆ. ಸರಿಯಾದ ಸ್ವಿಚ್ಚಿಗೆ ಸೇರಿದ, ಇನ್ನೊಂದು ತುದಿ ಖಾಲಿಯಿರುವ ತಂತಿಯಲ್ಲಿ ಪೂರ್ಣ ಒತ್ತಡ ಇರುವುದಿಲ್ಲ. ಆದರೆ ಕೆಲಸ ಮಾಡುತ್ತಿರುವ ಕ್ಯಾಮೆರಾಕ್ಕೂ ಸ್ವಿಚ್ಚಿಗೂ ನಡುವಿನ ತಂತಿಯನ್ನು ಕತ್ತರಿಸುವವರ ಕೈಯಲ್ಲಿರುವುದು ವಿದ್ಯುತ್ ಹರಿಯುತ್ತಿರುವ ತಂತಿಯೇ.

ಇನ್ನೊಂದು ಬಗೆಯ ಸಾಧನವೂ ಬಳಕೆಯಲ್ಲಿದೆ. ಹೊರಾಂಗಣ ನಿಸ್ತಂತು ಉಪಕರಣಗಳೊಂದಿಗೆ ಬರುವ ಅನೇಕ ಅಗ್ಗದ ಇಂಜೆಕ್ಟರ್‌ಗಳು ಏನನ್ನೂ ಕೇಳುವುದಿಲ್ಲ. 230 ವೋಲ್ಟ್ ಪ್ಲಗ್ಗಿಗೆ ಸಿಕ್ಕಿಸಿದ ಕ್ಷಣದಿಂದ 24 ಅಥವಾ 48 ವೋಲ್ಟ್ ತಂತಿಯ ಮೇಲೆ ಸದಾ ಇರುತ್ತದೆ. ವಾಡಿಕೆಯಂತೆ ನೀಲಿ ಜೋಡಿಯಲ್ಲಿ ಧನ, ಕಂದು ಜೋಡಿಯಲ್ಲಿ ಋಣ. ಇಂತಹ ತಂತಿಯ ಖಾಲಿ ತುದಿಯೂ ಜೀವಂತ. ಆ ತುದಿಯನ್ನು ತಿಳಿಯದೆ ಕಚೇರಿಯ ಕಂಪ್ಯೂಟರಿಗೆ ಸಿಕ್ಕಿಸಿದರೆ ಅದರ ನೆಟ್ ಪೋರ್ಟ್ ಸುಟ್ಟುಹೋಗಬಹುದು. ಆದ್ದರಿಂದ ಪ್ರತಿ ಕಚೇರಿಯಲ್ಲೂ ಯಾವ ತಂತಿ ಸ್ವಿಚ್ಚಿನದು, ಯಾವುದು ಇಂಜೆಕ್ಟರಿನದು ಎಂಬ ಚೀಟಿಯನ್ನು ಎರಡೂ ತುದಿಗೆ ಅಂಟಿಸಿರಬೇಕು. ಚೀಟಿಯಿಲ್ಲದ ತಂತಿಯನ್ನು ವಿದ್ಯುತ್ ಇರುವ ತಂತಿಯೆಂದೇ ಭಾವಿಸತಕ್ಕದ್ದು.

ಅಪಾಯದ ನಿಜವಾದ ಅಳತೆ

ಭಯವನ್ನು ಬೆಳೆಸುವುದೂ ಅಪಾಯವನ್ನು ಮರೆಸುವುದೂ ಸಮನಾದ ತಪ್ಪು. ಪಿಒಇ ಒತ್ತಡವನ್ನು ಉದ್ದೇಶಪೂರ್ವಕವಾಗಿಯೇ 60 ವೋಲ್ಟ್ ಡಿಸಿ ಎಂಬ ಸುರಕ್ಷತಾ ಮಿತಿಯ ಕೆಳಗೆ ಇರಿಸಲಾಗಿದೆ. ಒಣಗಿದ, ಗಾಯವಿಲ್ಲದ ಕೈಗೆ ಇದು ತಗುಲಿದರೆ ಸಾಮಾನ್ಯವಾಗಿ ಪ್ರಾಣಾಪಾಯವಿಲ್ಲ. ಆದರೆ ಚರ್ಮ ಒದ್ದೆಯಾದಾಗ ಅದರ ರೋಧ ತೀವ್ರವಾಗಿ ಕುಸಿಯುತ್ತದೆ. ರಾಮನಗರದ ನೂಲು ಬಿಚ್ಚಾಣಿಕೆ ಘಟಕಗಳ ಒದ್ದೆ ನೆಲದಲ್ಲಿ, ಮಳೆಯಲ್ಲಿ ನೆನೆದ ಚಾವಣಿಯ ಮೇಲೆ, ಬೇಸಿಗೆಯ ಬೆವರಿನಲ್ಲಿ, ಬೆರಳಿನ ಸಣ್ಣ ಗಾಯದಲ್ಲಿ ಅದೇ 48 ವೋಲ್ಟ್ ಬೇರೆಯದೇ ಅನುಭವ ಕೊಡುತ್ತದೆ. ಏಣಿಯ ಮೇಲಿರುವವರಿಗೆ ಚುರುಕು ಮುಟ್ಟಿ ಕೈ ಹಿಂದೆಳೆದರೆ ಸಾಕು, ಪ್ರಾಣಕ್ಕೆ ಕುತ್ತು ತರಲು ಹತ್ತಡಿಯ ಬೀಳುವಿಕೆಯೇ ಸಾಲುತ್ತದೆ.

ಎರಡನೆಯದು ಶಾಖ. 15.4 ವ್ಯಾಟ್ ಹೊರಟರೆ, ನೂರು ಮೀಟರ್ ದೂರದ ಉಪಕರಣಕ್ಕೆ ಖಾತರಿಯಾಗಿ ತಲುಪುವುದು 12.95 ವ್ಯಾಟ್. ಉಳಿದ 2.45 ವ್ಯಾಟ್ ದಾರಿಯಲ್ಲೇ ಶಾಖವಾಗುತ್ತದೆ. 0.35 ಆಂಪಿಯರಿನ ವರ್ಗವನ್ನು 20 ಓಮ್ ರೋಧದಿಂದ ಗುಣಿಸಿದರೆ ಬರುವ ಸಂಖ್ಯೆ ಇದೇ. ಪ್ರವಾಹ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟಾಗುತ್ತದೆ. ಹತ್ತಾರು ತಂತಿಗಳನ್ನು ಬಿಗಿಯಾಗಿ ಕಟ್ಟಿ ಗಾಳಿಯಾಡದ ಪೈಪಿನಲ್ಲಿ ತುರುಕಿದಾಗ ನಡುವಿನ ತಂತಿಯ ಶಾಖ ಹೊರಹೋಗಲು ದಾರಿಯಿರುವುದಿಲ್ಲ. ತಾಮ್ರದ ಲೇಪವಿರುವ ಅಲ್ಯೂಮಿನಿಯಂ ತಂತಿಯ ರೋಧ ಅದೇ ದಪ್ಪದ ಶುದ್ಧ ತಾಮ್ರಕ್ಕಿಂತ ಸುಮಾರು ಒಂದೂವರೆ ಪಟ್ಟು. ಬೆಲೆ ಕಡಿಮೆಯೆಂದು ಅದನ್ನು ಖರೀದಿಸಿದರೆ ಶಾಖ ಹೆಚ್ಚುತ್ತದೆ, ಬಾಗಿದ ಕಡೆ ತಂತಿ ತುಂಡಾಗುತ್ತದೆ. ದರಪಟ್ಟಿ ಕರೆಯುವಾಗಲೇ 'ಶುದ್ಧ ತಾಮ್ರದ ತಂತಿ' ಎಂದು ನಮೂದಿಸುವುದು ಸೂಕ್ತ. ಚನ್ನಪಟ್ಟಣದ ಗೊಂಬೆ ತಯಾರಿಕಾ ಘಟಕಗಳಂತೆ ಮರದ ಹೊಟ್ಟು, ಅರಗು ತುಂಬಿದ ಕಡೆಗಳಲ್ಲಿ ಸಡಿಲ ಜೋಡಣೆಗಳು ಖಂಡಿತ ಇರಕೂಡದು. ಲೇತ್ ಯಂತ್ರದ ಮೋಟಾರಿಗೆ ಹೋಗುವ ತಂತಿಯೊಂದಿಗೆ ನೆಟ್ ತಂತಿಯನ್ನು ಒಂದೇ ಪೈಪಿನಲ್ಲಿ ಎಳೆಯಲೂ ಬಾರದು.

ಮೂರನೆಯದು ಕಿಡಿ. ವಿದ್ಯುತ್ ಹರಿಯುತ್ತಿರುವಾಗ ಜ್ಯಾಕನ್ನು ಎಳೆದರೆ ಪಿನ್ನುಗಳು ಬೇರ್ಪಡುವ ಬಿಂದುವಿನಲ್ಲಿ ಅತಿ ಸಣ್ಣ ಕಿಡಿ ಹಾರುತ್ತದೆ. ಒಮ್ಮೆ ಎಳೆದರೆ ಹಾನಿ ಕಾಣದು. ಪದೇಪದೇ ಎಳೆದರೆ ಚಿನ್ನದ ಲೇಪ ಸವೆದು ಸಂಪರ್ಕ ಸಡಿಲವಾಗುತ್ತದೆ. "ಎಳೆದು ಸಿಕ್ಕಿಸಿದರೆ ನೆಟ್ ಬರುತ್ತದೆ" ಎಂಬ ಅಭ್ಯಾಸವು ಮುಂದಿನ ತಿಂಗಳ ದೋಷಕ್ಕೆ ಇಂದೇ ಹಾಕುವ ತಳಪಾಯ.

ಟೆಸ್ಟರ್ ಹೇಳುವುದು, ಹೇಳದಿರುವುದು

ಪ್ರತಿ ಕಚೇರಿಯಲ್ಲೂ ಇರುವ ಸ್ಕ್ರೂಡ್ರೈವರ್ ರೂಪದ ನಿಯಾನ್ ಟೆಸ್ಟರ್ 230 ವೋಲ್ಟ್ ಎಸಿ ವಿದ್ಯುತ್ತನ್ನು ಗುರುತಿಸಲು ತಯಾರಾದುದು. 48 ವೋಲ್ಟ್ ಡಿಸಿಗೆ ಅದು ಬೆಳಗುವುದಿಲ್ಲ. ಆದ್ದರಿಂದ "ಟೆಸ್ಟರ್ ಹತ್ತಲಿಲ್ಲ, ತಂತಿ ಸತ್ತಿದೆ" ಎಂಬ ತೀರ್ಮಾನ ನೆಟ್ ತಂತಿಯ ವಿಷಯದಲ್ಲಿ ತಪ್ಪು.

ಇದರ ಮರುಮಗ್ಗುಲು ಇನ್ನೂ ಮುಖ್ಯ. ನೆಟ್ ತಂತಿಗೋ ಉಪಕರಣದ ಲೋಹದ ಹೊದಿಕೆಗೋ ತಗುಲಿಸಿದಾಗ ಟೆಸ್ಟರ್ ಮಂದವಾಗಿಯಾದರೂ ಬೆಳಗಿದರೆ, ಅಲ್ಲಿಗೆ 230 ವೋಲ್ಟಿನ ಅಂಶ ಬಂದಿದೆ ಎಂದೇ ಅರ್ಥ. ಅರ್ಥಿಂಗ್ ಇಲ್ಲದ ಪ್ಲಗ್ಗಿಗೆ ಸಿಕ್ಕಿಸಿದ ಅಡಾಪ್ಟರಿನಿಂದ ಸಣ್ಣ ಪ್ರಮಾಣದ ಸೋರಿಕೆ ಬಂದು ಕೈಗೆ ಜುಮ್ಮೆನ್ನಬಹುದು. ಅಡಾಪ್ಟರಿನೊಳಗಿನ ನಿರೋಧಕವೇ ಕೆಟ್ಟಿದ್ದರೆ ಪೂರ್ಣ 230 ವೋಲ್ಟ್ ತಂತಿಗೆ ಇಳಿಯಬಹುದು. ಇವೆರಡರಲ್ಲಿ ಯಾವುದು ಎಂಬುದನ್ನು ಮುಟ್ಟಿ ಪರೀಕ್ಷಿಸಬಾರದು. ಮುಖ್ಯ ಸ್ವಿಚ್ ಆರಿಸಿ, ಅರ್ಹ ವಿದ್ಯುತ್ ಕೆಲಸಗಾರರನ್ನು ಕರೆಸುವುದೊಂದೇ ದಾರಿ.

ಕಂಬ, ಬೇಲಿ, ಬಂಡೆ, ಸಿಡಿಲು

ನೆಟ್ ತಂತಿಯ ಕೆಲಸದಲ್ಲಿ ಪ್ರಾಣಕ್ಕೆ ಅತಿ ದೊಡ್ಡ ಅಪಾಯ ತಂತಿಯೊಳಗಿನ 48 ವೋಲ್ಟಿನಿಂದ ಬರುವುದಿಲ್ಲ, ತಂತಿ ಹಾದುಹೋಗುವ ದಾರಿಯಿಂದ ಬರುತ್ತದೆ. ಬೀದಿ ದೀಪಗಳ ನಿರ್ವಹಣೆ ಪಂಚಾಯಿತಿಯದಾದ ಮಾತ್ರಕ್ಕೆ ಬೆಸ್ಕಾಂ ಕಂಬವನ್ನು ಪಂಚಾಯಿತಿ ಸಿಬ್ಬಂದಿ ಹತ್ತಬಹುದೆಂದು ಅರ್ಥವಲ್ಲ. ಕ್ಯಾಮೆರಾ ಕೂರಿಸಲೋ ತಂತಿ ಎಳೆಯಲೋ ಕಂಬ ಬೇಕಾದಲ್ಲಿ ಬೆಸ್ಕಾಂ ಶಾಖಾ ಕಚೇರಿಯ ಲಿಖಿತ ಅನುಮತಿ ಪಡೆದು, ಅವರು ಲೈನ್ ಕ್ಲಿಯರ್ ಕೊಟ್ಟ ನಂತರ, ಅವರ ಸಿಬ್ಬಂದಿಯ ಸಮಕ್ಷಮದಲ್ಲಿ ಮಾತ್ರ ಕೆಲಸ ನಡೆಯತಕ್ಕದ್ದು. 11 ಸಾವಿರ ವೋಲ್ಟಿನ ಮಾರ್ಗವನ್ನು ಮುಟ್ಟಬೇಕೆಂದೇ ಇಲ್ಲ, ಹತ್ತಿರ ಹೋದರೂ ಅದು ಜಿಗಿದು ಹೊಡೆಯಬಲ್ಲದು.

ಭಾರತ್ ನೆಟ್ ಯೋಜನೆಯಡಿ ಬರುವ ಆಪ್ಟಿಕಲ್ ಫೈಬರಿನ ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ, ಬೆಳಕು ಹರಿಯುತ್ತದೆ. ಆದರೆ ಕೆಲವು ಫೈಬರ್ ಕೇಬಲ್‌ಗಳಿಗೆ ಆಧಾರವಾಗಿ ಉಕ್ಕಿನ ತಂತಿ ಇರುತ್ತದೆ. ಅದು ವಿದ್ಯುತ್ ಮಾರ್ಗಕ್ಕೆ ತಗುಲಿದರೆ ಉದ್ದಕ್ಕೂ ಜೀವಂತವಾಗುತ್ತದೆ. ಕಡಿದು ಬಿದ್ದ ಕೇಬಲ್ ಫೈಬರಿನದೇ ಆದರೂ ಕೈಯಿಂದ ಎತ್ತಿ ಪಕ್ಕಕ್ಕೆ ಹಾಕಬಾರದು. ಫೈಬರಿನ ತುದಿಯನ್ನು ಕಣ್ಣಿಗೆ ಹಿಡಿದು ನೋಡುವುದೂ ಸಲ್ಲದು. ಅದರಲ್ಲಿರುವ ಬೆಳಕು ಕಣ್ಣಿಗೆ ಕಾಣದ ಬಗೆಯದು, ಕಾಣದಿದ್ದರೂ ಕಣ್ಣಿಗೆ ಹಾನಿ ಮಾಡಬಲ್ಲದು.

ಕನಕಪುರ ತಾಲ್ಲೂಕಿನ ಕಾಡಂಚಿನಲ್ಲಿ ಆನೆಗಳನ್ನು ತಡೆಯಲು ಹಾಕಿದ ಸೌರ ಬೇಲಿಗಳಿವೆ. ಇಂತಹ ಬೇಲಿಯಲ್ಲಿ ಸೆಕೆಂಡಿಗೊಮ್ಮೆ ಎಂಬಂತೆ ಹಲವು ಸಾವಿರ ವೋಲ್ಟಿನ ಅತಿ ಕಿರು ಮಿಡಿತ ಹರಿಯುತ್ತದೆ. ಆಧಾರ ಸಿಕ್ಕಿತೆಂದು ನೆಟ್ ತಂತಿಯನ್ನು ಬೇಲಿಯ ಕಂಬಕ್ಕೆ ಕಟ್ಟಿದರೆ, ಆ ಮಿಡಿತವು ಕಚೇರಿಯ ಸ್ವಿಚ್ಚಿನವರೆಗೂ ಬರಬಹುದು.

ಮಾಗಡಿಯ ಸಾವನದುರ್ಗ, ರಾಮನಗರದ ರಾಮದೇವರ ಬೆಟ್ಟಗಳ ಸುತ್ತಿನ ಬಂಡೆ ನೆಲದ ಸಮಸ್ಯೆ ಬೇರೆ. ಬಂಡೆಯು ವಿದ್ಯುತ್ತನ್ನು ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಗುಂಡಿ ತೋಡಿ ಸರಳು ನೆಟ್ಟ ಮಾತ್ರಕ್ಕೆ ಅರ್ಥಿಂಗ್ ಆಯಿತೆಂದು ಭಾವಿಸದೆ, ಬೇಸಿಗೆಯಲ್ಲಿ ಮಣ್ಣು ಒಣಗಿದಾಗ ಅರ್ಥ್ ಟೆಸ್ಟರಿನಿಂದ ರೋಧವನ್ನು ಅಳೆಸಿ ದಾಖಲಿಸಬೇಕು.

ಮುಂಗಾರಿಗೆ ಮುಂಚಿನ ಏಪ್ರಿಲ್, ಮೇ ತಿಂಗಳುಗಳಲ್ಲಿ ಗುಡುಗು ಮಳೆ ಸಾಮಾನ್ಯ. ಸಿಡಿಲು ನೇರವಾಗಿ ಹೊಡೆಯದೆ ಸಮೀಪದಲ್ಲಿ ಬಿದ್ದರೂ ಉದ್ದನೆಯ ತಾಮ್ರದ ತಂತಿಯಲ್ಲಿ ಭಾರಿ ಒತ್ತಡ ಹುಟ್ಟುತ್ತದೆ. ಗುಡುಗು ಕೇಳಿಸಿದ ಕೂಡಲೇ ಚಾವಣಿ, ತೊಟ್ಟಿ, ಕಂಬಗಳ ಮೇಲಿನ ಕೆಲಸ ನಿಲ್ಲಬೇಕು. ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಬೇಕು. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ 'ದಾಮಿನಿ' ಮೊಬೈಲ್ ಆ್ಯಪ್ ಸಿಡಿಲಿನ ಮುನ್ನೆಚ್ಚರಿಕೆ ನೀಡುತ್ತದೆ. ಕಚೇರಿಯಿಂದ ಗ್ರಂಥಾಲಯಕ್ಕೆ, ಒಂದು ಕಟ್ಟಡದಿಂದ ಇನ್ನೊಂದಕ್ಕೆ ಸಂಪರ್ಕ ಬೇಕಾದಾಗ ತಾಮ್ರದ ಬದಲು ಲೋಹವಿಲ್ಲದ ಫೈಬರ್ ಎಳೆಸಿದರೆ ಸಿಡಿಲಿನ ಒತ್ತಡಕ್ಕೆ ಆ ದಾರಿಯೇ ಮುಚ್ಚಿಹೋಗುತ್ತದೆ.

ಕೆಲಸದ ಕ್ರಮ

ವಿದ್ಯುತ್ ಹರಿಯುತ್ತಿರುವಾಗ ಮಾಡಬಹುದಾದುದು ಇಷ್ಟೇ: ದೀಪಗಳನ್ನು ನೋಡುವುದು, ಸ್ವಿಚ್ಚಿನ ತಂತ್ರಾಂಶದಲ್ಲಿ ಪೋರ್ಟಿನ ಸ್ಥಿತಿ ಓದುವುದು, ಚೀಟಿಗಳನ್ನು ಪರಿಶೀಲಿಸುವುದು. ಕತ್ತರಿಸುವುದು, ಸಿಪ್ಪೆ ಸುಲಿಯುವುದು, ಜ್ಯಾಕ್ ಕ್ರಿಂಪ್ ಮಾಡುವುದು, ಜೋಡಿಸುವುದು, ಇವೆಲ್ಲವನ್ನೂ ವಿದ್ಯುತ್ ನಿಲ್ಲಿಸಿದ ಮೇಲೆಯೇ ಮಾಡಬೇಕು. ಅದರ ಕ್ರಮ ಹೀಗಿದೆ.

1. ಕೆಲಸದ ಸ್ಥಳ, ಸಮಯ ಮತ್ತು ಮಾಡುವವರ ಹೆಸರನ್ನು ವಹಿಯಲ್ಲಿ ಬರೆದು ಅಭಿವೃದ್ಧಿ ಅಧಿಕಾರಿಯ ಸಹಿ ಪಡೆಯುವುದು. ಸೇವೆ ನಿಲ್ಲುವ ಅವಧಿಯನ್ನು ಸೂಚನಾ ಫಲಕದಲ್ಲಿ ತಿಳಿಸುವುದು.

2. ಇಂಜೆಕ್ಟರ್ ಇದ್ದಲ್ಲಿ ಮೊದಲು 230 ವೋಲ್ಟಿನ ಸ್ವಿಚ್ ಆರಿಸಿ, ಪ್ಲಗ್ ಕಳಚುವುದು. ಪಿಒಇ ಸ್ವಿಚ್ ಇದ್ದಲ್ಲಿ ತಂತ್ರಾಂಶದಿಂದ ಆ ಪೋರ್ಟಿನ ವಿದ್ಯುತ್ ನಿಲ್ಲಿಸುವುದು. ತಂತ್ರಾಂಶದ ಸೌಲಭ್ಯವಿಲ್ಲದಿದ್ದರೆ ಸ್ವಿಚ್ಚಿನ ವಿದ್ಯುತ್ತನ್ನೇ ಆರಿಸುವುದು.

3. ಊರಿನಲ್ಲಿ ಕರೆಂಟ್ ಇಲ್ಲವೆಂಬುದನ್ನು ವಿದ್ಯುತ್ ನಿಲುಗಡೆ ಎಂದು ಪರಿಗಣಿಸಬಾರದು. ಯುಪಿಎಸ್ ಅಥವಾ ಸೌರ ಬ್ಯಾಟರಿಯಿಂದ ಸ್ವಿಚ್ಚಿಗೆ ವಿದ್ಯುತ್ ಬರುತ್ತಲೇ ಇರುತ್ತದೆ.

4. ತಂತಿಯನ್ನು ಎರಡೂ ತುದಿಗಳಲ್ಲಿ ಕಳಚುವುದು. ಎರಡೂ ತುದಿ ಕಣ್ಣೆದುರು ಬಿಡಿಯಾಗಿರುವ ತಂತಿಗಷ್ಟೇ ಕತ್ತರಿ ತಾಗಬೇಕು.

5. ಸ್ವಿಚ್ ಮತ್ತು ಪ್ಲಗ್ಗಿನ ಬಳಿ "ಕೆಲಸ ನಡೆಯುತ್ತಿದೆ, ಚಾಲೂ ಮಾಡಬೇಡಿ" ಎಂಬ ಫಲಕ ತೂಗುಹಾಕುವುದು. ಅದನ್ನು ಹಾಕಿದವರ ಹೊರತು ಬೇರೆಯವರು ತೆಗೆಯಬಾರದು.

6. ತಂತಿ ಹಾದುಹೋಗುವ ದಾರಿಯನ್ನು ಉದ್ದಕ್ಕೂ ನಡೆದು ನೋಡುವುದು. ವಿದ್ಯುತ್ ಮಾರ್ಗಕ್ಕೆ ತಗುಲಿದ್ದರೆ ಎರಡೂ ತುದಿ ಕಳಚಿದ ತಂತಿಯೂ ಜೀವಂತವಾಗಿರಬಲ್ಲದು. ತಗುಲಿರುವುದು ಅಥವಾ ಅತಿ ಸಮೀಪವಿರುವುದು ಕಂಡರೆ ಕೆಲಸ ಅಲ್ಲಿಗೇ ನಿಲ್ಲಿಸಿ ಬೆಸ್ಕಾಂಗೆ ತಿಳಿಸುವುದು.

7. ಪಿಒಇ ಟೆಸ್ಟರಿನಿಂದ ಪರೀಕ್ಷಿಸುವುದು. ಮಲ್ಟಿಮೀಟರ್ ಬಳಸುವುದಾದರೆ ಸುಲಿದ ತಂತಿಯಲ್ಲಿ ನೀಲಿ ಮತ್ತು ಕಂದು ಜೋಡಿಗಳ ನಡುವೆ, ಹಾಗೆಯೇ ಕಿತ್ತಳೆ ಮತ್ತು ಹಸಿರು ಜೋಡಿಗಳ ನಡುವೆ ಡಿಸಿ ಒತ್ತಡವನ್ನು ಅಳೆಯುವುದು. ಜ್ಯಾಕಿನ ಪಿನ್ನುಗಳ ಮೇಲೆ ಮೀಟರಿನ ಮೊನೆ ಜಾರಿ ಎರಡು ಪಿನ್ ಒಂದಾಗುವ ಸಂಭವ ಇರುವುದರಿಂದ ಅಲ್ಲಿ ಟೆಸ್ಟರೇ ಲೇಸು.

8. ಏಣಿಯನ್ನು ಕೆಳಗಿನಿಂದ ಇನ್ನೊಬ್ಬರು ಹಿಡಿದಿರಬೇಕು. ಒಬ್ಬರೇ ಎತ್ತರದಲ್ಲಿ ಕೆಲಸ ಮಾಡಬಾರದು. ಲೋಹದ ಏಣಿಯನ್ನು ವಿದ್ಯುತ್ ಮಾರ್ಗದ ಹತ್ತಿರ ತರಬಾರದು.

9. ಕೆಲಸ ಮುಗಿದ ಮೇಲೆ ಎಂಟೂ ತಂತಿಗಳ ಕ್ರಮ ಪರೀಕ್ಷಿಸಿ, ಎರಡೂ ತುದಿ ಸಿಕ್ಕಿಸಿ, ಕೊನೆಯಲ್ಲಿ ವಿದ್ಯುತ್ ಕೊಟ್ಟು, ವಹಿಯಲ್ಲಿ ಸಮಯ ನಮೂದಿಸುವುದು.

ಅವಘಡ ಸಂಭವಿಸಿದಲ್ಲಿ

ವಿದ್ಯುತ್ ತಗುಲಿದವರನ್ನು ಮೊದಲು ಮುಟ್ಟಬಾರದು. ಮುಖ್ಯ ಸ್ವಿಚ್ ಆರಿಸಬೇಕು. 230 ವೋಲ್ಟಿನ ತಂತಿಯಾಗಿದ್ದು ಸ್ವಿಚ್ ಎಟುಕದಿದ್ದರೆ, ಒಣ ಹಲಗೆಯ ಮೇಲೆ ನಿಂತು ಒಣ ಮರದ ಕೋಲಿನಿಂದ ತಂತಿಯನ್ನು ಬೇರ್ಪಡಿಸಬಹುದು. 11 ಸಾವಿರ ವೋಲ್ಟಿನ ಮಾರ್ಗಕ್ಕೆ ಒಣ ಮರವೂ ರಕ್ಷಣೆಯಲ್ಲ. ಅಲ್ಲಿ ಬೆಸ್ಕಾಂ ವಿದ್ಯುತ್ ನಿಲ್ಲಿಸುವವರೆಗೆ ಯಾರೂ ಸಮೀಪಿಸಬಾರದು. ಬೆಸ್ಕಾಂ ಸಹಾಯವಾಣಿ 1912, ಆಂಬುಲೆನ್ಸ್ 108, ತುರ್ತು ಸೇವೆ 112, ಈ ಮೂರು ಸಂಖ್ಯೆಗಳು ಸ್ವಿಚ್ ಪೆಟ್ಟಿಗೆಯ ಮೇಲೆಯೇ ಬರೆದಿರಬೇಕು. ವ್ಯಕ್ತಿಗೆ ಪ್ರಜ್ಞೆಯೂ ಸಹಜ ಉಸಿರಾಟವೂ ಇಲ್ಲದಿದ್ದರೆ ಎದೆಯ ನಡುಭಾಗವನ್ನು ನಿಮಿಷಕ್ಕೆ 100ರಿಂದ 120 ಬಾರಿ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತುತ್ತಾ ಆಂಬುಲೆನ್ಸ್ ಬರುವವರೆಗೆ ಮುಂದುವರಿಸಬೇಕು. ಸಣ್ಣ ಆಘಾತವೆಂದು ಎದ್ದು ಕುಳಿತವರನ್ನೂ ವೈದ್ಯರಿಗೆ ತೋರಿಸತಕ್ಕದ್ದು.

ನಿಲ್ಲಿಸುವ ಅಧಿಕಾರ ಯಾರದು

ಮೇಲಿನ ಕ್ರಮದಲ್ಲಿ ಕಷ್ಟವಾದುದು ಒಂದೂ ಇಲ್ಲ. ಬಹುತೇಕ ತಂತಿಗಳಿಗೆ ವಿದ್ಯುತ್ ನಿಲ್ಲಿಸಿ, ಕಳಚಿ, ಪರೀಕ್ಷಿಸಲು ಹತ್ತು ನಿಮಿಷ ಸಾಕು. ಆದರೂ ಈ ಹತ್ತು ನಿಮಿಷವೇ ತಪ್ಪಿಹೋಗುತ್ತದೆ. ಏಣಿ ಹತ್ತಿದವರಿಗೆ ತಿಳಿವಳಿಕೆ ಇಲ್ಲದೆ ಹಾಗಾಗುವುದು ಅಪರೂಪ. ಸಾಲಿನಲ್ಲಿ ನಿಂತ ಜನರ ಅಸಹನೆ, ತಾಲ್ಲೂಕಿನಿಂದ ಬರುವ ದೂರವಾಣಿ ಕರೆ, "ಕ್ಯಾಮೆರಾ ಆರಬಾರದು, ಹಾಗೆಯೇ ಸರಿಮಾಡು" ಎಂಬ ಮಾತು, ಇವುಗಳ ಎದುರು ದಿನಗೂಲಿಯ ಸಹಾಯಕ "ಮೊದಲು ಆರಿಸಿ" ಎಂದು ಹೇಳಲಾರ.

ಆದ್ದರಿಂದ ಆ ಮಾತನ್ನು ಹೇಳುವ ಹೊಣೆ ಅಧಿಕಾರಿಯದು. ಕೆಲಸ ಮಾಡುವವರಿಗೆ ವಿದ್ಯುತ್ ನಿಲ್ಲಿಸುವ ಅಧಿಕಾರವನ್ನು ವಹಿಯ ಸಹಿಯ ಮೂಲಕ ಮುಂಚಿತವಾಗಿಯೇ ಕೊಟ್ಟಿರಬೇಕು. ಕಂಬ ಹತ್ತಲು, ಮಳೆಯಲ್ಲಿ ಚಾವಣಿಗೆ ಹೋಗಲು, ಚೀಟಿಯಿಲ್ಲದ ತಂತಿ ಕತ್ತರಿಸಲು ಯಾರಾದರೂ ನಿರಾಕರಿಸಿದರೆ ಅದನ್ನು ಅವಿಧೇಯತೆಯೆಂದು ಪರಿಗಣಿಸಬಾರದು. ಪಹಣಿ ಹತ್ತು ನಿಮಿಷ ತಡವಾದರೆ ಅರ್ಜಿದಾರರು ಕಾಯುತ್ತಾರೆ. ಏಣಿಯ ಮೇಲಿರುವವರ ಮನೆಯಲ್ಲೂ ಸಂಜೆಗೆ ಅವರಿಗಾಗಿ ಕಾಯುವವರಿದ್ದಾರೆ ಎಂಬುದನ್ನು ಸಹಿ ಹಾಕುವ ಕೈ ಮರೆಯದಿರಲಿ.